ಬುತ್ತಿಚೀಲ

ಕೊಪ್ಪಿಕರ್ ರಸ್ತೆಯ ಗಾಜಿನ ಅಂಗಡ್ಯಾಗ
ಎರಡು ಸಾವಿರದ ಎಂಟುನೂರು ಅಂದ್ರು.
ಮಳಿಗೆ ಹೆದರಂಗಿಲ್ಲ, ಬಿದ್ರ ಒಡಿಯಂಗಿಲ್ಲ,
ಲ್ಯಾಪ್‌ಟಾಪಿಗೆ ಬ್ಯಾರೇ ಖಣ, ನೀರಿನ ಬಾಟ್ಲಿಗೆ ಬ್ಯಾರೇ,
ಡ್ರೋನ್ ಇದ್ರ ಡ್ರೋನಿಗೂ ಜಾಗಾ ಐತ್ರಿ ಸರ.
ಟರ್ಕಿ ಟವಲ್ಲಿನಾಗ ಸುತ್ತಿದ್ದ ಯಾಶಿಕಾ ಬಿಚ್ಚಿ ತೋರಿಸಿದೆ.
ಹುಡುಗ ಹಿಂದ ತಿರುವಿ ಸ್ಕ್ರೀನ್ ಹುಡುಕಿದ.
ಅಲ್ಲಿ ಇದ್ದದ್ದು ಕರೀ ರೆಕ್ಸಿನ್,
ನನ್ನ ಹೆಬ್ಬೆಟ್ಟು ಸವಿಸಿದ ಒಂದು ಗುರುತು.

ನನ್ನ ಲೆಕ್ಕ ಬ್ಯಾರೇ ಇತ್ತು.
ಒಂದು ಕ್ಯಾಮೆರಾ, ಐವತ್ತರ ಲೆನ್ಸು ಅದರ ಮುಖಕ್ಕ ಅಂಟಿಕೊಂಡೇ ಇರತೈತಿ.
ಮೂರು ರೋಲು. ಕಡ್ಡಿಪೆಟ್ಟಿಗಿಯಷ್ಟು ಬೆಳಕಿನ ಮೀಟರು.
ಒರಸಾಕ ಹಳೇ ಧೋತರದ ತುಂಡು.
ಇಷ್ಟಕ್ಕ ನಾನೂರು ರೂಪಾಯಿ, ಮ್ಯಾಲೊಂದು ಪೈ ಇಲ್ಲ.
ರೋಲಿನ ರೇಟು ಈಗ ಕೇಳಬ್ಯಾಡ್ರಿ.
ಚೀಲಕ್ಕ ಕೊಟ್ಟಿದ್ದಷ್ಟೂ
ತಗೀಲಾರದ ಫೋಟೋದ ಲೆಕ್ಕಕ್ಕ ಬರತೈತಿ.

ಇಪ್ಪತ್ತಾರು ವರ್ಷ ಎಕ್ಸ್‌ರೇ ಕೋಣ್ಯಾಗ ಕೆಲಸ ನಂದು.
ಊರ ಮಂದಿಯ ಎಲುಬು ಕೆಂಪು ದೀಪದಾಗ ತೊಳದು
ಕ್ಲಿಪ್ಪಿಗೆ ಹಾಕಿ ಒಣಗಿಸಿದಾಂವ.
ಒಂದು ದಿನ ಡಾರ್ಕ್‌ರೂಮಿಗೆ ಟ್ಯೂಬ್‌ಲೈಟ್ ಹಾಕಿದ್ರು,
ಎಲುಬೆಲ್ಲಾ ಕಂಪ್ಯೂಟರಿನ್ಯಾಗ ಕಾಣಾಕ ಹತ್ತಿದ್ವು.
ಕೆಂಪು ಬಲ್ಬು ಬಿಚ್ಚಿ ಮನಿಗೆ ತಂದೆ.
ಯಾರೂ ಕೇಳಲಿಲ್ಲ.

ದುರ್ಗದಬೈಲಿನ್ಯಾಗ ಬಳಿ, ಬುಟ್ಟಿ, ಬೆಳ್ಳುಳ್ಳಿ ದಾಟಿದ್ರ
ತುಳಜಾಸಾ ಮಿಸ್ಕಿನ್ ಅವರ ಅಂಗಡಿ.
ಹಗ್ಗಕ್ಕ ಜೋತುಬಿದ್ದ ಚೀಲ:
ಶಾಲಿದು, ಸಂತಿದು, ಬಾಣಂತಿದು, ಬ್ಯಾಂಕಿನವರದು.
ಒಂದು ಬಾಳ ಸಣ್ಣದು, ಮೀಟರು ಹೊರಗುಳೀತು.
ಒಂದರ ತಳದಾಗ ಕ್ಯಾಮೆರಾ
ಬಾವ್ಯಾಗ ಬಿದ್ದ ಕೊಡದಂಗ ಡಬ್ ಅಂತು.
ಒಂದರ ಝಿಪ್ಪಿನ ಹಲ್ಲು ಹರಿತ, ಗಾಜಿಗೆ ಗೀರು ಬಿದ್ದೀತು.
ಇನ್ನೊಂದು, ಪಟ್ಟಿಯ ಹೊಲಿಗಿ ನೋಡೇ ಕೈಬಿಟ್ಟೆ.
"ಬಂಗಾರದಂಗಡ್ಯಾಗೂ ಮಂದಿ ಇಷ್ಟು ಹೊತ್ತು ನಿಂದ್ರಂಗಿಲ್ಲರಿ,"
ಅಂದ ತುಳಜಾಸಾ. ಆದ್ರೂ ಚಹಾ ತರಿಸಿದ.

ಆಮ್ಯಾಲ ಮೂಲಿಯಿಂದ ಎಳದ:
ಕಾಲೇಜ್ ಹುಡುಗ್ಯಾರು ಊಟಕ್ಕ ಒಯ್ಯೋ ಚೀಲ.
ಒಳಗ ಬೆಳ್ಳಿ ಹಾಳಿ, ನಡುವ ಬೆರಳು ದಪ್ಪ ಸ್ಪಂಜು.
"ಎಷ್ಟು ಡಬ್ಬಿ ನಿಮ್ಮವು?"
"ಡಬ್ಬಿ ಒಂದ. ಅದಕ್ಕೊಂದು ಕಣ್ಣೈತಿ."
ಇಟ್ಟೆ. ಸದ್ದ ಬರಲಿಲ್ಲ.
ಬಿಸಿ ಅನ್ನ ಬಿಸಿ ಇಡೋದು ತಂಪು ರೋಲೂ ತಂಪು ಇಟ್ಟೀತು,
ಏಪ್ರಿಲ್ ಬಿಸಲಿಗೆ ಫಿಲ್ಮು ಅಂದ್ರ ಬೆಣ್ಣಿ.
ಎರಡುನೂರಾ ಇಪ್ಪತ್ತು ಅಂದ, ನೂರಾ ತೊಂಬತ್ತಕ್ಕ ಇಳದ.
ಮ್ಯಾಲೊಂದು ಗುಲಾಬಿ ಕರಡಿ, ಕೈಯಾಗ ಐಸ್‌ಕ್ರೀಮು.
ಕರಡಿ ಇಲ್ಲದ್ದು?
"ಕರಡಿ ಇಲ್ಲದ್ದು ಮುನ್ನೂರು."
ಕರಡೀನ ಇರಲಿ ಅಂದೆ.

ರಾತ್ರಿ ಹಳೇ ಹವಾಯಿ ಚಪ್ಪಲಿ ಕೊರದು
ರೋಲಿಗೂ ಕ್ಯಾಮೆರಾಕ್ಕೂ ನಡುವೊಂದು ಗ್ವಾಡಿ ಕಟ್ಟಿದೆ.
ಮುಂಜಾನೆ ಮಂದಾಕಿನಿ
ಬಚ್ಚಲದಾಗ ಎಡಗಾಲಿನ ಚಪ್ಪಲಿ ಹುಡುಕ್ಯಾಡಿದ್ಲು.
ನೂರಾ ಮೂವತ್ತೈದರ ಉದ್ದ ಲೆನ್ಸು ಹಿಡಸಲೇ ಇಲ್ಲ,
ಕಪಾಟಿನ್ಯಾಗ ಉಳೀತು.
ದೂರ ನಿಂತು ಕದ್ದು ತಗಿಯೋದು ಮುಗೀತು.
ಇನ್ನ ಯಾರ ಮುಖ ಬೇಕೋ ಅವರ ಸನೇಕ ಹೋಗಿ
ತಗೀಲೇನ್ರೀ ಅಂತ ಕೇಳಬೇಕು.
ಈ ವಯಸ್ಸಿನ್ಯಾಗ ನಾಚಿಕಿ ಬರತೈತಿ.

ನಿನ್ನೆ ಚಿಗರಿ ಬಸ್ಸಿನ್ಯಾಗ ಧಾರವಾಡಕ್ಕ ಹೊಂಟಿದ್ದೆ,
ಉಣಕಲ್ ದಾಟಿತ್ತು. ಬಾಜೂಕ ಕೂತ ಮುದುಕಿ,
ತೊಡಿ ಮ್ಯಾಲ ಮೆಂತ್ಯಾದ ಸಿವುಡು,
ಕರಡೀನ ನೋಡಿದ್ಲು, ನನ್ನ ನೋಡಿದ್ಲು.
"ಹೊತ್ತಾತು, ಉಣಬಾರದನೋ ಯಪ್ಪಾ? ಏನ್ ಕಟ್ಯಾಳ ಇವತ್ತ?"
ಹದಿನಾಕು ಉಳದಾವಬೇ, ಅಂದೆ.
"ಚಪಾತಿಯೋ? ಅಷ್ಟ್ಯಾಕ?"

ಚೀಲ ಬಿಚ್ಚಿದೆ.
ಆಕಿ ಒಮ್ಮೆ ನಕ್ಕು, ಇಲ್ಲದ ಹಲ್ಲು ನೆನಪಾಗಿ ಬಾಯಿ ಮುಚ್ಚಿದ್ಲು.
ಆಮ್ಯಾಲ ಸೆರಗು ಸರಿ ಮಾಡಿ
ಮೆಂತ್ಯಾದ ಸಿವುಡಿಗೂ ನೆಟ್ಟಗ ಕೂಡ್ರಿಸಿದ್ಲು.
ಕಿಟಕಿಯ ಬೆಳಕು ಚಲೋ ಇತ್ತು.
ಹದಿಮೂರು.