ಉದ್ದೇಶ ಎಂಬ ಕಾಲಂ

ಪ್ರೊಫೆಸರ್ ಗ್ರಾಸಿಂಡಾ ಹಂಚಿದ ಹಾಳೆಯಲ್ಲಿ ನಾಲ್ಕು ಕಾಲಂ:
ಹೊತ್ತು, ಮಾಧ್ಯಮ, ನಿಮಿಷ, ಉದ್ದೇಶ.
ಒಂದು ವಾರ ಬರೆಯಿರಿ, ಸುಳ್ಳು ಬೇಡ, ಎಂದರು.
ಕೊನೆಯ ಬೆಂಚಿಗೆಲ್ಲ ನಗು.

ಸೋಮವಾರ, ಐದೂವರೆ. ಕಣ್ಣು ಬಿಡುವ ಮೊದಲೇ
ದಿಂಬಿನಡಿಗೆ ಹೋಯಿತು ಕೈ.
ಫೋನು, ಒಂಬತ್ತು ನಿಮಿಷ. ಉದ್ದೇಶ:
ರಾತ್ರಿಯಿಂದೀಚೆ ಲೋಕ ಕದಲಿಲ್ಲವಷ್ಟೆ ಎಂಬ ಖಾತ್ರಿಗೆ.
ಕದಲಿರಲಿಲ್ಲ. ಯಾರದೋ ಮದುವೆ, ಯಾರದೋ ಹೊಸ ಶೂ,
ಬೈರಾ ಕಡೆ ಚಂಡಮಾರುತ ಬರಬಹುದಂತೆ,
ಬರದೆಯೂ ಇರಬಹುದಂತೆ.

ಆರಕ್ಕೆ ಚಾಪಾ. ಹದಿನೈದು ಸೀಟಿನ ವ್ಯಾನಿಗೆ ಇಪ್ಪತ್ತಮೂರು ಜನ.
ಕೆನ್ನೆ ಯಾರದೋ ಭುಜಕ್ಕೆ, ಕಿವಿ ಡ್ರೈವರನ ರೇಡಿಯೋಗೆ.
ಲಿಸ್ಬನ್ನಿನ ಯಾವುದೋ ತಂಡ ಸೋತಿತು;
ಗಾಡಿಗೆ ಗಾಡಿಯೇ ನಿಟ್ಟುಸಿರು ಬಿಟ್ಟಿತು, ನಾನೂ ಬಿಟ್ಟೆ,
ಆಟದ ಗಂಧವಿಲ್ಲದವಳು.
ಕಿವಿಗೆ ಬಿದ್ದದ್ದೆಲ್ಲ ಬಳಕೆಯೇ, ಪ್ರೊಫೆಸರ್?
ಮಳೆಗೆ ನೆನೆದವಳನ್ನು
ನೀರು ಕುಡಿದಳೆಂದು ಬರೆಯುತ್ತಾರೆಯೇ?

ಗೇಟಿನಲ್ಲಿ ತಿಯಾ ಫೆಲಿಸ್ಮಿನಾ ಹುರಿದ ಶೇಂಗಾ ಮಾರುತ್ತಾಳೆ,
ಹಳೇ ಪತ್ರಿಕೆಯ ಪೊಟ್ಟಣದಲ್ಲಿ.
ಬಿಡಿಸಿ ಓದಿದೆ: "ಇನ್ನಾರು ತಿಂಗಳೊಳಗೆ ಈ ಸೇತುವೆ"
ಅಲ್ಲಿಗೆ ಹರಿದಿತ್ತು. ತಾರೀಖು ಮೂರು ವರ್ಷ ಹಿಂದಿನದು.
ಮಾಧ್ಯಮ: ಪತ್ರಿಕೆ. ನಿಮಿಷ: ಎರಡು. ಉದ್ದೇಶ: ಶೇಂಗಾ.
ಇಡೀ ವಾರ ಕಾಗದದ ಮೇಲೆ ಓದಿದ ಸುದ್ದಿ ಇದೊಂದೇ,
ಉಪ್ಪುಪ್ಪಾಗಿತ್ತು.

ಡೇಟಾ ನಮ್ಮ ಕೋಣೆಯಲ್ಲಿ ಸಕ್ಕರೆ ಇದ್ದಂತೆ,
ಅನಿಫಾ ಎರಡು ಚಮಚ ಹಾಕಿಕೊಂಡರೆ ನನ್ನ ಲೋಟ ಸಪ್ಪೆ.
ಅವಳ ವೀಡಿಯೋ ಮುಗಿಯುವವರೆಗೆ ನನ್ನ ಪಾಠದ ಪುಟ ಬರುವುದಿಲ್ಲ.
ಬುಧವಾರ ಗಡಿಯಾರ ಇಟ್ಟು ಲೆಕ್ಕ ಹಾಕಿದೆ:
ಪರದೆಯ ನಡುವೆ ಗಿರಗಿರ ತಿರುಗುವ ಆ ಸೊನ್ನೆಯನ್ನು
ಮೂವತ್ತೊಂದು ನಿಮಿಷ ನೋಡಿದ್ದೇನೆ.
ಅಷ್ಟು ನಿಷ್ಠೆಯಿಂದ ನೋಡುವ ಕಾರ್ಯಕ್ರಮ
ನನಗೆ ಬೇರೊಂದಿಲ್ಲ.

ಎಂಟೂವರೆಗೆ ಗೋಡೆಯಾಚೆ ದೋನಾ ಪೆರ್ಪೆಟುವಾರ ಟೀವಿ.
ಬ್ರೆಜಿಲ್ಲಿನ ಧಾರಾವಾಹಿ. ನಾಯಕಿಯ ಮುಖ ಕಂಡವಳಲ್ಲ, ಅಳು ಬಲ್ಲೆ.
ಯಾವುದು ನಿಜದ ಅಳು, ಯಾವುದು ಆಸ್ತಿಗಾಗಿ ಅತ್ತದ್ದು,
ಇಟ್ಟಿಗೆ ದಾಟಿ ಬರುವಷ್ಟರಲ್ಲಿ ಸೋಸಿಹೋಗಿರುತ್ತದೆ.
ಮಾಧ್ಯಮ: ಗೋಡೆ.

ಗುರುವಾರದ ಸಾಲಿನಲ್ಲಿ ಸುಳ್ಳಿದೆ.
ರಾತ್ರಿ ಡೇಟಾ ಅಗ್ಗ. ಹನ್ನೊಂದರಿಂದ ಒಂದೂವರೆವರೆಗೆ
ಯಾವ ಊರಿನವಳೋ ಒಬ್ಬಳು
ತನ್ನ ಅಡುಗೆಮನೆಯ ಕಪಾಟು ಜೋಡಿಸುವುದನ್ನು ನೋಡಿದೆ.
ಗಾಜಿನ ಡಬ್ಬಿ, ಡಬ್ಬಿಗೊಂದು ಚೀಟಿ, ಚೀಟಿಗೊಂದು ಬಣ್ಣ.
ನಮ್ಮಲ್ಲಿರುವುದು ಒಂದು ಬಕೆಟ್ಟು, ಎರಡು ತಟ್ಟೆ,
ಮುಚ್ಚಳ ಕಳೆದ ಪಾತ್ರೆ.
ಉದ್ದೇಶ: ಅಧ್ಯಯನ, ಎಂದು ಬರೆದೆ.

ಶುಕ್ರವಾರ ರುಸ್ಟೆನ್‌ಬರ್ಗಿನ ಗಣಿಯಿಂದ ಅಣ್ಣ ಅರ್ಮಿಂಡೊನ ದನಿ ಬಂತು.
ನಲವತ್ತೆರಡು ಸೆಕೆಂಡು.
ದುಡ್ಡು ಸೇರಿತೇ, ಪರೀಕ್ಷೆ ಯಾವಾಗ, ಅಮ್ಮನಿಗೆ ಹೇಳಬೇಡ,
ಆಮೇಲೆ ಕೆಮ್ಮು, ಆಮೇಲೆ ಹಿಂದಿನಿಂದ ಯಾರೋ
ನನಗೆ ಗೊತ್ತಿಲ್ಲದ ಹೆಸರಿಡಿದು ಕರೆದದ್ದು,
ಅದಕ್ಕೆ ಅವನು ಓಗೊಟ್ಟದ್ದು.
ಹದಿನೇಳು ಸಲ ಕೇಳಿದೆ. ಗುಣಿಸಿದರೆ ಹನ್ನೆರಡು ನಿಮಿಷ.
ಮೊದಲ ಸಲದ ಉದ್ದೇಶ ಸಮಾಚಾರ.
ಎರಡನೆಯದು, ಗಾಡಿಯ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ.
ಮೂರನೆಯದು ಕೆಮ್ಮಿಗಾಗಿ.
ಅಮ್ಮನಿಗೆ ಏನನ್ನು ಹೇಳಬಾರದು, ಅದನ್ನು ಅವನು ಹೇಳಿಯೇ ಇಲ್ಲ.
ಉಳಿದ ಹದಿನಾಲ್ಕಕ್ಕೆ ಕಾಲಂ ಖಾಲಿ ಬಿಟ್ಟಿದ್ದೇನೆ,
ಅಂಕ ಕಳೆಯುವುದಾದರೆ ಕಳೆಯಿರಿ.

ಭಾನುವಾರ ಉತ್ತರ ಬರೆಯಲು ಕೂತೆ. ಬರೆದೆ, ಅಳಿಸಿದೆ,
ಇನ್ನೊಂದು ಬರೆದೆ, ಅದೂ ಅಣಕಿಸಿದಂತೆ ಕಂಡಿತು.
ಅತ್ತ ಅವನ ಪರದೆಯಲ್ಲಿ
'ಬರೆಯುತ್ತಿದ್ದಾರೆ' ಎಂದು ಮೂಡುತ್ತಿರಬೇಕು, ಆರುತ್ತಿರಬೇಕು,
ಪಾಳಿ ಮುಗಿಸಿದವನು, ಬೂಟು ಬಿಚ್ಚದೆ, ಮಂಚದ ತುದಿಗೆ ಕೂತು.
ಅವನಿಗೆ ಹಾಳೆ ಕೊಟ್ಟವರಿಲ್ಲ.
ಕೊಟ್ಟಿದ್ದರೆ ಇಂದಿನ ಸಾಲಿನಲ್ಲಿ ನಾನಿರುತ್ತಿದ್ದೆ:
ಮಾಧ್ಯಮ, ತಂಗಿ. ನಿಮಿಷ, ಇನ್ನೂ ನಡೆದಿದೆ.