ಖಾಲಿಗೂ ಸೀಸ

ಬಂದರಿನ ಓಣಿಯಲ್ಲಿ, ಒಣಮೀನಿನ ಮಂಡಿಯ ಮಗ್ಗುಲಿಗೆ
ಎಲಿಯಾಜರ್ ಸೋನ್ಸರ ಅಚ್ಚುಕೂಟ.
ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ನಾನು ಕೊಟ್ಟ ಹಾಳೆಯನ್ನು
ಅವರು ಓದಲಿಲ್ಲ; ದೂರ ಹಿಡಿದು ನೋಡಿದರು,
ಮೀನು ಕೊಳ್ಳುವವರು ಕಿವಿರು ನೋಡಿದ ಹಾಗೆ.

                    ಗಾಳಿ
                    ಗಾಳಿಗೆ
                    ಗಾಳಿಗೆ ಹಾಯಿ
                    ಗಾಳಿಗೆ ಹಾಯಿ ಬಿಚ್ಚಿ
 ಚುಕ್ಕಾಣಿ               ಹಂಚು ಅಕ್ಕಿ ಬೆಲ್ಲ ಹೊತ್ತ ಮಂಜಿ
     ಅಮಿನಿಗೆ ಕವರತ್ತಿಗೆ ಎಂದು ಹೇಳಿ ಹೋದದ್ದನ್ನು
          ಇನ್ನೂ ಹೇಳುತ್ತಲೇ ಇದೆ ನೀರು

"ಇದು ಪದ್ಯವೋ ಚಿತ್ರವೋ?"
"ಎರಡೂ."
"ಹಾಗಾದರೆ ಕೂಲಿಯೂ ಎರಡು" ಎಂದು ನಕ್ಕರು.
ಮತ್ತೆ ಚುಕ್ಕಾಣಿಯ ಪಕ್ಕದ ಬಿಳಿಯ ಮೇಲೆ ಉಗುರಿಟ್ಟು:
"ಇಲ್ಲಿ ಏನು?"
"ಏನೂ ಇಲ್ಲ."
"ಏನೂ ಇಲ್ಲದ್ದಕ್ಕೂ ಸೀಸ ಹಾಕಬೇಕು ಮಾರಾಯ್ತಿ,
ಇಲ್ಲದಿದ್ದರೆ ಎತ್ತುವಾಗ ಉಳಿದದ್ದೆಲ್ಲ ಉದುರಿಹೋಗ್ತದೆ."

ಅಕ್ಷರಕ್ಕಿಂತ ಕುಳ್ಳಗಿನ, ಮುಖವಿಲ್ಲದ ಮೊಳೆಗಳು.
ಒಂದೊಂದೇ ಎಣಿಸಿ ಇಟ್ಟರು:
ಹದಿನಾಲ್ಕು.
ಮಸಿ ಅವನ್ನು ಮುಟ್ಟುವುದಿಲ್ಲ. ಕಾಗದಕ್ಕೆ ಅವು ಗೊತ್ತೇ ಇಲ್ಲ.
ಒಂದನ್ನು ಅಂಗೈಯಲ್ಲಿ ಹಿಡಿದು ನೋಡಿದೆ: ಭಾರ ಉಂಟು.

ಒತ್ತಕ್ಷರಗಳು ಸಾಲಿನ ಕೆಳಗಿಳಿದು
ನೀರಿಗೆ ತಾಗುತ್ತಿದ್ದವು, ಹುಟ್ಟಿನ ಹಾಗೆ.
ಮೊಳೆಯಲ್ಲಿ ಎಲ್ಲವೂ ತಿರುಗುಮುರುಗು;
ಹಾಳೆಯಲ್ಲಿ ಆಚೆಗೆ ಹೊರಟಿದ್ದ ಮಂಜಿಯ ಮೂತಿ
ಸೀಸದಲ್ಲಿ ಈಚೆಗಿತ್ತು.

ಅಚ್ಚು ಮುಗಿದ ಸಂಜೆಯೇ ಬಿಚ್ಚಿದರು. ನಾಳೆ ಕುದ್ರೋಳಿಯ
ಮದುವೆ ಕಾಗದ ಉಂಟು, 'ಮ' ಸಾಲುವುದಿಲ್ಲ ಅಂತ.
ಮಂಜಿಯ ಮ ಯಾವಳೋ ಮದುಮಗಳ ಪಾಲಾಯಿತು.
ಆ ಹದಿನಾಲ್ಕು ಎಲ್ಲಿಗೆ ಹೋದವೋ,
ನಾನು ಕೇಳಲಿಲ್ಲ.

ಉಮ್ಮ ಕಲಿತದ್ದು ಮದ್ರಸದ ಅಕ್ಷರ ಮಾತ್ರ.
ಬೀಡಿಯ ಮೊರ ಬದಿಗಿಟ್ಟು, ಹೊಗೆಸೊಪ್ಪಿನ ಕೈ ಒರೆಸಿ
ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿದಳು.
"ಮಂಜಿ," ಅಂದಳು,
ನಾನು ಬಾಯಿ ತೆರೆಯುವ ಮೊದಲೇ.
ಕುರ್‌ಆನಿನ ಅಭ್ಯಾಸದ ಬೆರಳು ಬಲಗಡೆಯಿಂದ ಹೊರಟು
ಮೂತಿ ದಾಟಿ, ಬೆಲ್ಲ ದಾಟಿ, ಅಕ್ಕಿ ದಾಟಿ, ಹಂಚು ದಾಟಿ
ಬಿಳಿಯಲ್ಲಿ ನಿಂತಿತು.

"ನಿನ್ನ ಬಾಪ ಕೂರುತ್ತಿದ್ದದ್ದು ಇಲ್ಲೇ."

ಬಹಳ ಹೊತ್ತಿನ ಮೇಲೆ, ಬೆರಳೆತ್ತದೆ, ಕೇಳಿದಳು:
"ಇಲ್ಲಿ ಅಕ್ಷರ ಹಾಕಲಿಕ್ಕೆ
ಅವರು ದುಡ್ಡು ಹೆಚ್ಚು ಕೇಳಿದರಾ?"