ಮೂವತ್ತೆಂಟನೇ ನಂಬರಿನ ಗಾಡಿ

ರಿಟೈರಾಗಿ ಎರಡು ವರ್ಷ ಆತು,
ಮೈಗೆ ಅದಿನ್ನೂ ಗೊತ್ತಾಗಿಲ್ಲ.
ಹಟ್ಟಿಯೊಳಗ ಮೂರನೇ ಪಾಳಿಯ ಸೈರನ್ ಕೂಗಿದರ
ಕಣ್ಣು ತಾನ ತೆರೀತಾವ,
ಕಾಲು ಕತ್ತಲದಾಗ ಬೂಟು ಹುಡುಕ್ತಾವ.

ಹಂಗ ಒಂದು ರಾತ್ರಿ ದನಿ ಮುಚ್ಚಿ ಟೀವಿ ಹಚ್ಚಿದೆ,
ಯಂಕಮ್ಮ ಎದ್ದಾಳು ಅಂತ.
ಯಾವುದೋ ದೇಶದಾಗ ಅದು ಭಾನುವಾರ ಮಧ್ಯಾಹ್ನ.
ನಲವತ್ತು ಕಾರು, ಒಂದ ದುಂಡನ ದಾರಿ,
ಮೈತುಂಬ ಬಿಸ್ಕೀಟು, ಪೇಂಟು, ಎಣ್ಣಿ ಡಬ್ಬಿಯ ಹೆಸರು,
ಸಂತಿಗೆ ಹೊಂಟ ಟಂಟಂನಂಗ.
ಎಡಕ್ಕ ತಿರುಗ್ತಾವ. ಮತ್ತ ಎಡಕ್ಕ.
ಬಲಕ್ಕ ಅನ್ನೋದು ಆ ಊರಾಗ ಹುಟ್ಟೇ ಇಲ್ಲ.

ಹತ್ತು ನಿಮಿಷ ನಕ್ಕೆ.
ಆಮ್ಯಾಲ ನೋಡಿದರ ನಾಲ್ಕೂವರಿ,
ಹಾಲಿನವ ಗೇಟು ಬಡಿಯಾಕತ್ತಿದ್ದ.

ಮೂವತ್ತೆಂಟನೇ ಗಾಡಿನ ಯಾಕ ಅಂತ ಕೇಳಬ್ಯಾಡ್ರಿ.
ಗಣಿಯಾಗ ನನ್ನ ಹಿತ್ತಾಳಿ ಬಿಲ್ಲಿ ಮೂವತ್ತೆಂಟು,
ಅಷ್ಟ.
ಅದನ್ನ ನಡೆಸೋ ಹುಡುಗನ ಹೆಸರು ನಾಲಿಗಿಗೆ ಹೊಳ್ಳಂಗಿಲ್ಲ.
ಅವ ಗೆದ್ದಿಲ್ಲ, ಗೆಲ್ಲೋ ಲಕ್ಷಣನೂ ಇಲ್ಲ.
ಹತ್ತೊಂಬತ್ತು, ಇಪ್ಪತ್ತಾರು, ಒಮ್ಮೆ ಹನ್ನೊಂದು.
ಆ ಹನ್ನೊಂದಕ್ಕ ಅರ್ಧ ಕಿಲೋ ಜಿಲೇಬಿ ತಂದು
ಓಣ್ಯಾಗ ಹಂಚಿದೆ. ಏನು ವಿಶೇಷ ಅಂದರು.
ಸುಮ್ನ, ಅಂದೆ.

ಗಾಳಿ ಕದಿಯೋದು ಅವರೊಳಗ ದೊಡ್ಡ ವಿದ್ಯೆ:
ಮುಂದಿನವನ ಬೆನ್ನಿಗೆ ಮೂಗು ಹಚ್ಚಿ ಹೋದರ
ಗಾಳಿ ಅವನ ಎದಿಗೆ, ಓಟ ನಮ್ಮ ಪಾಲಿಗೆ.
ಖರೇನೋ ಸುಳ್ಳೋ ನೋಡೂಣಂತ
ಲಿಂಗಸೂಗೂರು ರಸ್ತೆದಾಗ ಹತ್ತಿ ಲಾರಿಯ ಹಿಂದ
ನನ್ನ ಮೊಪೆಡ್ ಹಚ್ಚಿದೆ.
ಖರೇನ ಅದ.
ಮೀಸಿ, ಹುಬ್ಬು, ಕಿವಿ, ಎಲ್ಲಾ ಹತ್ತಿ.
ಪಂಕ್ಚರ್ ಅಂಗಡಿ ಮಹಿಬೂಬ ಕನ್ನಡಿ ಹಿಡಿದು
"ಕಾಕಾ, ಅರವತ್ತೆರಡಕ್ಕ ಇದೇನು ಹುಚ್ಚು?" ಅಂದ.
ಮುಂದಿನ ವಾರ ನಡುರಾತ್ರಿ ಅವನೂ ಬಂದು ಕೂತ.
ನಾಲ್ಕು ಟೈರು ಹನ್ನೆರಡು ಸೆಕೆಂಡಿನಾಗ ಬದಲಾದದ್ದು ಕಂಡು
ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಎಲ್ಲಿಗೂ ಹೋಗದ ದಾರಿಗೆ ಇಷ್ಟ್ಯಾಕ್ರಿ ಅವಸರ ಆ ಮಕ್ಕಳಿಗೆ?"
ಯಂಕಮ್ಮ ಕೇಳ್ತಾಳ.
ನಾನಾದರೂ ಎಲ್ಲಿಗೆ ಹೋಗಿದ್ದೆ?
ಮೂವತ್ಮೂರು ವರ್ಷ ಅದ ಕುರ್ಚಿ, ಅದ ಹಿಡಿಕಿ,
ಡ್ರಮ್ಮಿಗೆ ಸುತ್ತೋ ಉಕ್ಕಿನ ಹಗ್ಗ, ಮುಳ್ಳು ತಿರುಗೋ ಡಯಲ್ಲು.
ಪಂಜರದಾಗ ಮಂದಿನ್ನ ಎರಡು ಸಾವಿರ ಅಡಿ ಇಳಿಸಿದೆ, ಎತ್ತಿದೆ.
ಅವರ ಮಾರಿ ನೋಡಿದ್ದು ಕಡಿಮಿ,
ಗಂಟಿ ಕೇಳಿದ್ದ ಹೆಚ್ಚು.
ಒಂದು ಹೊಡೆದರ ಎತ್ತು, ಎರಡಕ್ಕ ಇಳಿಸು.
ಮೂರು ಅಂದರ
ಒಳಗ ಮನಷ್ಯಾರು ಇದ್ದಾರ, ಹುಷಾರ.

ಹೋದ ತಿಂಗಳು ಮೂವತ್ತೆಂಟು ಗ್ವಾಡಿಗೆ ಹೊಡೀತು.
ಮೂರು ಪಲ್ಟಿ. ಹೊಗಿ.
ಹಳದಿ ಬಾವುಟ ಬೀಸಿದರು, ಉಳಿದ ಗಾಡಿ ತೆಪ್ಪಗ ಸಾಲು ಹಿಡಿದವು.
ಮಹಿಬೂಬ ಎದ್ದು ನಿಂತ.
ನನ್ನ ಕೈ ತಾನ ಹೋಗಿ ಇಲ್ಲದ ಬ್ರೇಕು ಹಿಡೀತು.

ಒಂದ್ಸಲ ಕೆಳಗ ಕಲ್ಲು ಜರಿದಾಗ
ಹನ್ನೊಂದು ನಿಮಿಷ ಗಂಟಿ ಬರಲಿಲ್ಲ.
ಹಿಂಗ ಕೂತಿದ್ದೆ. ಕೈ ಹಿಂಗ ಇತ್ತು.
ನನ್ನ ಉಗುಳು ನಾ ನುಂಗಿದ ಸಪ್ಪಳಕ್ಕ
ಗಂಟೇನೋ ಅಂತ ಬೆಚ್ಚಿದ್ದೆ.

ಆ ಗಾಡಿಗಳಿಗೆ ಬಾಗಿಲಿಲ್ಲ,
ಕಿಟಕಿಗೊಂದು ಜಾಳಿಗಿ.
ಒಳಗಿದ್ದವ ಅದನ್ನ ಕಳಚಿ ಇಳಿಸಿದರ
ಬದುಕೀನಿ ಅಂತ ಅರ್ಥ.
ಯಾರೂ ಹೇಳಿಕೊಟ್ಟಿಲ್ಲ ನನಗ,
ಒಂದು ವರ್ಷ ಮೂಕ ಟೀವಿ ನೋಡಿ ಕಲ್ತೀನಿ.

ಜಾಳಿಗಿ ಅಲುಗ್ಯಾಡಿತು. ನಿಂತಿತು.
ಆಮ್ಯಾಲ ಗ್ಲೌಸು ಹಾಕಿದ ಒಂದು ಕೈ.
ಜಾಳಿಗಿ ಬಿತ್ತು.

ನಾನು ಟೀಪಾಯಿ ಮೂರು ಸಲ ಬಡಿದೆ.
ಒಳಗಿಂದ ಯಂಕಮ್ಮ, "ಯಾರದು, ಬಾಗಲಾಗ?"

ಈಗ ಸೋಮವಾರ ಮುಂಜಾನೆ ರೊಟ್ಟಿ ಬಡಿಯೋವಾಗ
ಎಷ್ಟನೇ ನಂಬರ್ ಬಂತು ಅಂತ ಕೇಳಂಗಿಲ್ಲ ಆಕಿ.
ಹಂಚಿನ ಮ್ಯಾಲಿಂದ ಕಣ್ಣೆತ್ತದ
"ನಿಮ್ಮ ಮೂವತ್ತೆಂಟು ಮನಿ ಮುಟ್ಟಿದನೇನ್ರಿ?" ಅಂತಾಳ.
ಮುಟ್ಟ್ಯಾನ, ಅಂತೀನಿ, ಇಪ್ಪತ್ತೆಂಟನೇದವ.
"ಸಾಕು ಬಿಡ್ರಿ" ಅಂತ
ರೊಟ್ಟಿ ತಿರುವಿ ಹಾಕ್ತಾಳ.